ಮೊದಲ ಸಲದ ‘ಬೇಡ’

ನನ್ನ ಗಂಡನ ತಾಯಿ ಆಸ್ಯಮ್ಮ ಬೊಂಬಾಯಿಯಿಂದ ದೋಹಾಕ್ಕೆ ಹಸಿದುಕೊಂಡೇ ಬಂದರು. ವಿಮಾನದಲ್ಲಿ ಊಟದ ಗಾಡಿ ತಳ್ಳಿಕೊಂಡು ಬಂದ ಹುಡುಗಿ ಬೇಕೇ ಎಂದು ಕೇಳಿದಳಂತೆ, ಇವರು ಬೇಡವೆಂದು ಕೈ ಆಡಿಸಿದರಂತೆ, ಅವಳು ಮುಂದಿನ ಸಾಲಿಗೆ ಹೋಗಿಯೇ ಬಿಟ್ಟಳಂತೆ. ಇದನ್ನು ಹೇಳುವಾಗ ಅವರು ಅಲ್ ಹಿಲಾಲ್ ಬಡಾವಣೆಯ ನಮ್ಮ ಮನೆಯಲ್ಲಿ ಚಾಪೆಯ ಮೇಲೆ ಕುಳಿತು ಮತ್ತೊಮ್ಮೆ ಬಡಿಸಿದ ಅನ್ನವನ್ನು ಮೀನಿನ ಸಾರಿನೊಂದಿಗೆ ಕಲಸುತ್ತಿದ್ದರು. ಹಸಿವಿನ ಬಗ್ಗೆ ಅವರಿಗೆ ಅಷ್ಟೇನೂ ಬೇಸರವಿರಲಿಲ್ಲ. ಆ ಹುಡುಗಿ ಇನ್ನೊಂದು ಸಲ ಕೇಳಲಿಲ್ಲವಲ್ಲ ಎಂಬುದೇ ದೂರು.

"ಮನೆಯಲ್ಲಿ ದೊಡ್ಡವರು ಯಾರೂ ಇಲ್ಲವೋ ಏನೋ, ಪಾಪ," ಎಂದರು.

ನಾನೂ ನನ್ನ ಗಂಡ ಫವಾಝ್ ಕೂಡ ನಕ್ಕೆವು. ನಗಬಾರದಿತ್ತು, ಏಕೆಂದರೆ ನಾವು ಬೆಳೆದದ್ದೂ ಅದೇ ಶಾಲೆಯಲ್ಲಿ. ಉಳ್ಳಾಲದ ನಮ್ಮ ಮನೆಗಳಲ್ಲಿ ಏನಾದರೂ ಬೇಕೇ ಎಂದು ಕೇಳಿದರೆ ಮೊದಲ ಸಲ ಬೇಡ ಎನ್ನಬೇಕು. ಎರಡನೆಯ ಸಲ ಕೇಳಿದಾಗ ಸುಮ್ಮನಿರಬೇಕು. ಮೂರನೆಯ ಸಲಕ್ಕೆ ತಟ್ಟೆಯನ್ನು ಸ್ವಲ್ಪ ಮುಂದೆ ಸರಿಸಬಹುದು. ಕೇಳುವವರಿಗೂ ಇದು ಗೊತ್ತಿರುತ್ತದೆ. ಆದ್ದರಿಂದ ಅವರು ಕೇಳುತ್ತಲೇ ಬಡಿಸುತ್ತಿರುತ್ತಾರೆ, ಮತ್ತು ಯಾರೂ ಹಸಿದು ಎದ್ದುಹೋಗುವುದಿಲ್ಲ. ಕೇಳಿದ ಕೂಡಲೇ ಬೇಕು ಎನ್ನುವ ಮಗುವಿಗೆ ಹಿರಿಯರು ಕಣ್ಣಲ್ಲೇ ಗದರುತ್ತಾರೆ. ನಾನು ಅಂಥ ಗದರಿಕೆ ಸಾಕಷ್ಟು ತಿಂದವಳು.

ಇದು ತೊಂಬತ್ತಾರನೆಯ ಇಸವಿಯ ಮಾತು. ನಾನು ಮಂಗಳೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ್ದೆ. ಮದುವೆಗೆ ಮುಂಚೆ ಬೈಕಂಪಾಡಿಯಲ್ಲಿ ಕಜೆತಾನ್ ಎಂಬವರ ಸಣ್ಣ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ರಫ್ತಾಗುವ ಸಿಗಡಿಯನ್ನೂ ಅದನ್ನು ತೊಳೆಯುವ ನೀರನ್ನೂ ಪರೀಕ್ಷೆ ಮಾಡುವ ಜಾಗ. ಆ ಕೆಲಸ ಸಿಕ್ಕಿದ ಬಗೆಯನ್ನು ಇಲ್ಲಿ ಹೇಳಬೇಕು. ಸೋಮವಾರದಿಂದ ಬರುತ್ತೀರಾ ಎಂದು ಕಜೆತಾನ್ ಕೇಳಿದಾಗ ನಾನು, ನನಗೆ ಅಷ್ಟೆಲ್ಲ ಗೊತ್ತಿಲ್ಲ ಸರ್, ನನಗಿಂತ ಒಳ್ಳೆಯವರು ಸಿಗಬಹುದು ಎಂದಿದ್ದೆ. ಅವರು ತಲೆ ಎತ್ತದೆ, ಸಿಗಬಹುದು, ಆದರೆ ನೀವು ಸೋಮವಾರ ಒಂಬತ್ತಕ್ಕೆ ಬನ್ನಿ ಎಂದರು. ಅಲ್ಲಿಗೆ ಮುಗಿಯಿತು. ಕೆಲಸ ಸಿಗುವುದು ಹೀಗೇ ಎಂದು ನಾನು ತಿಳಿದುಕೊಂಡೆ.

ದೋಹಾದಲ್ಲಿ ಕೆಲಸ ಸಿಗಲಿಲ್ಲ. ಶಾಲೆಯವರು ಬಿ.ಎಡ್. ಕೇಳಿದರು. ಕ್ಲಿನಿಕ್ಕಿನವರಿಗೆ ನರ್ಸುಗಳು ಬೇಕಿದ್ದರು. ಕಂಪನಿಗಳ ಲ್ಯಾಬುಗಳಿಗೆ ಸೈಟಿಗೆ ಹೋಗಿ ಸ್ಯಾಂಪಲ್ ತರುವ ಗಂಡಸರು ಬೇಕಿದ್ದರು. ಒಂದು ಕಡೆಯಂತೂ ಬಾಗಿಲಲ್ಲಿದ್ದವನೇ ಮಾಫಿ, ಮಾಫಿ, ಅಂದರೆ ಏನೂ ಇಲ್ಲ ಎಂದು ಕೈ ಝಾಡಿಸಿ ಕಳಿಸಿಬಿಟ್ಟ. ಮನೆಯಲ್ಲಿ ನನಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಅರಶಿನ ಹತ್ತಿದ ಕೈಯನ್ನು ಸಾಬೂನಿನಲ್ಲಿ ತೊಳೆಯುವಾಗ ಹಳದಿ ಕೆಂಪಾಗುತ್ತದಲ್ಲ, ಅದನ್ನು ನೋಡುತ್ತ ನಲ್ಲಿ ನಿಲ್ಲಿಸುವುದನ್ನೇ ಮರೆತು ನಿಲ್ಲುತ್ತಿದ್ದೆ. ಒಂದು ದಿನ ಫವಾಝ್ ಬಂದು ನಲ್ಲಿ ತಿರುಗಿಸಿ, "ನಿನಗೊಂದು ಲ್ಯಾಬ್ ಹುಡುಕದಿದ್ದರೆ ಕತಾರಿನ ನೀರೆಲ್ಲ ನಮ್ಮ ಮನೆಯಲ್ಲೇ ಖಾಲಿಯಾಗ್ತದೆ," ಎಂದರು.

ಹುಡುಕಿ ತಂದವಳು ಭವ್ಯಶ್ರೀ. ನಾವಿದ್ದದ್ದು ಒಂದು ದೊಡ್ಡ ಮನೆಯನ್ನು ಗೋಡೆ ಹಾಕಿ ಪಾಲು ಮಾಡಿದ ಜಾಗದಲ್ಲಿ. ಮೇಲಿನ ಪಾಲಿನಲ್ಲಿ ಪುತ್ತೂರಿನ ಭವ್ಯಶ್ರೀ ಮತ್ತು ಅವಳ ಗಂಡ ಇದ್ದರು. ಸಾಲ್ವಾ ರಸ್ತೆಯ ಬದಿಯಲ್ಲಿ ಕುಡಿಯುವ ನೀರು ಪರೀಕ್ಷಿಸುವ ಖಾಸಗಿ ಲ್ಯಾಬೊಂದರಲ್ಲಿ ಅವಳು ಟೈಪಿಸ್ಟ್. ಅಲ್ಲಿನ ಮುಖ್ಯಸ್ಥೆ ಜರ್ಮನಿಯವರು, ಡಾಕ್ಟರ್ ಕ್ರೌಸ್ ಎಂದು. ಒಬ್ಬ ಕೆಮಿಸ್ಟ್ ಕೆಲಸ ಬಿಟ್ಟು ಹೋದ, ಡಾಕ್ಟರರಿಗೆ ಹೆಂಗಸಾದರೂ ಅಡ್ಡಿಯಿಲ್ಲ, ಸೈಟಿಗೆ ಹೋಗಲು ಬೇರೆಯವರಿದ್ದಾರೆ ಎಂದು ಅವಳು ಮೆಟ್ಟಿಲು ಇಳಿಯುತ್ತಲೇ ಹೇಳಿದಳು. ನಾನಿದ್ದದ್ದು ಗಂಡನ ವೀಸಾದಲ್ಲಿ. ಹಾಗಾಗಿ ಕೆಲಸಕ್ಕೆ ಅವರ ಒಪ್ಪಿಗೆ ಬೇಕಿತ್ತು. ಫವಾಝ್ ಎಸಿ ಬಿಡಿಭಾಗಗಳ ಅಂಗಡಿಯಲ್ಲಿದ್ದವರು. ಸಹಿ ಹಾಕಿ, ಇನ್ನು ಮೇಲೆ ನಾನು ನಿನ್ನ ಸ್ಪಾನ್ಸರ್, ದಿನಾ ಸಲಾಮ್ ಹೊಡಿ ಎಂದರು.

ಇಂಟರ್‌ವ್ಯೂಗೆ ಹೋದದ್ದು ಜೂನ್ ತಿಂಗಳಲ್ಲಿ. ಕಿತ್ತಳೆ ಬಣ್ಣದ ಟ್ಯಾಕ್ಸಿಯಲ್ಲಿ ಎಸಿ ಹೆಸರಿಗೆ ಮಾತ್ರ ಇತ್ತು. ಲ್ಯಾಬಿನ ಬಾಗಿಲು ತೆರೆದಾಗ ಮೊದಲು ಬಂದದ್ದು ಕ್ಲೋರಿನ್ನಿನ ತೆಳುವಾದ ವಾಸನೆ. ನನಗೆ ಅದು ತವರುಮನೆಯ ವಾಸನೆಯಂತಿತ್ತು. ಡಾಕ್ಟರ್ ಕ್ರೌಸ್ ಎತ್ತರದ, ಬಿಳಿಗೂದಲಿನ ಹೆಂಗಸು. ಕೈ ಕುಲುಕಿ, ಕೂರಿಸಿ, ಚಹಾದ ಪಾತ್ರೆ ಎತ್ತಿ, ಬೇಕೇ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಂಟಲು ಒಣಗಿ ನಾಲಿಗೆ ಅಂಟುತ್ತಿತ್ತು. ಬೇಡ, ಥ್ಯಾಂಕ್ಸ್ ಎಂದೆ. ಅವರು ತಮ್ಮ ಕಪ್ಪಿಗೆ ಮಾತ್ರ ಸುರಿದುಕೊಂಡು ಪಾತ್ರೆಯನ್ನು ಕಿಟಕಿಯ ಬಳಿ ಇಟ್ಟುಬಿಟ್ಟರು. ಪಾತ್ರೆಯ ಮೂತಿಯಿಂದ ಆವಿ ಏಳುವುದನ್ನು ನೋಡುತ್ತ ನಾನು ಉತ್ತರ ಕೊಡುತ್ತ ಹೋದೆ.

ನೀರಿನ ಗಡಸುತನ ಅಳೆಯಲು ಬರುತ್ತದೆಯೇ ಎಂದು ಕೇಳಿದರು. ಸ್ವಲ್ಪ ಬರುತ್ತದೆ ಎಂದೆ. ಬೈಕಂಪಾಡಿಯಲ್ಲಿ ನನ್ನ ಬೆಳಗು ಶುರುವಾಗುತ್ತಿದ್ದದ್ದೇ ಅದರಿಂದ, ಆದರೆ ಹಾಗೆಂದು ಹೇಳುವುದು ಹೇಗೆ? ಕ್ಲೋರೈಡ್? ಅದೂ ಸ್ವಲ್ಪ. ಅವರು ಸ್ವಲ್ಪ ಎಂಬುದನ್ನು ಎರಡು ಸಲವೂ ಬರೆದುಕೊಂಡರು. ಆಮೇಲೆ ಎದ್ದು, ಲ್ಯಾಬಿನ ಮೇಜಿನ ಬಳಿ ಕರೆದುಕೊಂಡು ಹೋಗಿ, ಮಾಡಿ ತೋರಿಸಿ ಎಂದರು.

ದ್ರಾವಣವನ್ನು ಹನಿಹನಿಯಾಗಿ ಬಿಡುವ ಬ್ಯೂರೆಟ್ಟಿನ ತಿರುಗುಕೀಲಿಗೆ ಬೆರಳು ತಾಗಿದ ಮೇಲೆ ಭಯವೇ ಉಳಿಯಲಿಲ್ಲ. ಎಡಗೈಯಲ್ಲಿ ಕೀಲಿ, ಬಲಗೈಯಲ್ಲಿ ಫ್ಲಾಸ್ಕು. ದ್ರಾಕ್ಷಿಯ ಕೆಂಪಿನ ದ್ರಾವಣ ನೇರಳೆಗೆ ತಿರುಗಿದಾಗ ಕೈ ತಾನಾಗಿ ನಿಧಾನವಾಯಿತು. ಹನಿ, ಅಲುಗಾಟ, ಹನಿ, ಅಲುಗಾಟ, ಮತ್ತೆ ಕೊನೆಯ ಹನಿಗೆ ಅಚ್ಚ ನೀಲಿ. ಮತ್ತೊಮ್ಮೆ ಮಾಡಿದೆ, ಅಳತೆ ಅಲ್ಲಿಗೇ ಬಂತು. ತಲೆ ಎತ್ತಿದರೆ ಡಾಕ್ಟರ್ ಕ್ರೌಸ್ ಫ್ಲಾಸ್ಕನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಸ್ವಲ್ಪ ಬರುತ್ತದೆ ಎಂದಿರಲ್ಲ ಎಂದರು. ನಾನು ನಕ್ಕು ತಲೆ ತಗ್ಗಿಸಿದೆ.

ವಾಪಸು ಕೋಣೆಗೆ ಬಂದು ನಿಂತುಕೊಂಡೇ ಅವರು ಕೇಳಿದರು, "ಮುಂದಿನ ತಿಂಗಳ ಮೊದಲ ವಾರದಿಂದ ಬರಬಹುದೇ? ನಿಮಗೆ ಈ ಕೆಲಸ ಬೇಕೇ?"

ನನಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅಷ್ಟು ಸಂತೋಷವಾದಾಗ ಮನುಷ್ಯನಿಂದ ಬರುವುದು ಯೋಚಿಸಿದ ಮಾತಲ್ಲ, ಚಿಕ್ಕಂದಿನಲ್ಲಿ ಕಲಿತ ಮಾತು. "ನನಗೆ ಅಷ್ಟೆಲ್ಲ ಅನುಭವ ಇಲ್ಲ ಮೇಡಂ. ಬೇಡ, ನನಗಿಂತ ಒಳ್ಳೆಯವರು ನಿಮಗೆ ಸಿಗಬಹುದು," ಎಂದೆ.

ಅವರು ಬಾಗಿ ತಮ್ಮ ಹಾಳೆಯಲ್ಲಿ ಏನೋ ಗುರುತು ಹಾಕಿಕೊಂಡರು. ಆಮೇಲೆ, ನೇರವಾಗಿ ಹೇಳಿದ್ದಕ್ಕೆ ವಂದನೆ ಎಂದು ಕೈ ಕುಲುಕಿ ಬಾಗಿಲವರೆಗೂ ಬಂದರು. ಆ ಗೌರವ ಕಂಡು ಕೆಲಸ ಸಿಕ್ಕಿಯೇ ಬಿಟ್ಟಿತೆಂದು ನಾನು ಹಾರುತ್ತ ಮೆಟ್ಟಿಲಿಳಿದೆ.

ಮನೆಯಲ್ಲಿ ಹಬ್ಬವಾಯಿತು. ಮಾಮಿ ಎಲ್ಲವನ್ನೂ ಮೊದಲಿನಿಂದ ಹೇಳಿಸಿ ಕೇಳಿದರು. ಅತ್ತೆಯನ್ನು ನಾನು ಕರೆಯುವುದು ಮಾಮಿ ಎಂದೇ. ನಾನು ಮೊದಲು ಒಪ್ಪಿಕೊಳ್ಳಲಿಲ್ಲ ಎಂಬಲ್ಲಿಗೆ ಬಂದಾಗ ಅವರ ಮುಖ ಬೆಳಗಿತು. ಒಳ್ಳೆ ಮನೆಯ ಹುಡುಗಿ ಎಂದು ಆ ಡಾಕ್ಟರಮ್ಮನಿಗೆ ಗೊತ್ತಾಗಿರುತ್ತದೆ, ನಾಳೆಯೋ ನಾಡಿದ್ದೋ ಮತ್ತೆ ಕೇಳುತ್ತಾರೆ ಎಂದರು. ಫವಾಝ್ ಸೂಕ್‌ ಮಾರುಕಟ್ಟೆಯಿಂದ ಬಿಳಿ ಬಟ್ಟೆ ತಂದರು. ಮಾಮಿ ಪಕ್ಕದ ಮನೆಯ ಹೊಲಿಗೆ ಮೆಷಿನ್ ತರಿಸಿಕೊಂಡು ನನಗೆ ಲ್ಯಾಬಿನ ಕೋಟು ಹೊಲಿದರು. ತೋಳಿನ ಅಂಚಿಗೆ ಅವರು ಸಣ್ಣದೊಂದು ಹೂ ಹಾಕಿದ್ದನ್ನು ಬಿಚ್ಚಿಸಲು ನಾನು ತುಂಬ ಪುಸಲಾಯಿಸಬೇಕಾಯಿತು. ಕೋಟು ಬಾಗಿಲ ಹಿಂದೆ ತೂಗುತ್ತಿತ್ತು. ಟೆಲಿಫೋನು ಬಡಿದುಕೊಂಡಾಗಲೆಲ್ಲ ನಾನು ಮೊದಲು ಕೋಟು ನೋಡಿ ಆಮೇಲೆ ಫೋನೆತ್ತುತ್ತಿದ್ದೆ.

ಫೋನು ಬಂದದ್ದೆಲ್ಲ ಫವಾಝ್‌ರ ಅಂಗಡಿಯಿಂದ.

ವಾರ ಕಳೆಯಿತು. ಊರಿಗೆ ಹೋಗಿದ್ದ ಭವ್ಯಶ್ರೀ ರಜೆ ಮುಗಿಸಿ ಬಂದು ಬುಧವಾರ ಕೆಲಸಕ್ಕೆ ಹೋದಳು. ಸಂಜೆ ವಾಪಸು ಬಂದವಳು ತನ್ನ ಮನೆಗೂ ಹತ್ತದೆ ಸೀದಾ ನಮ್ಮ ಬಾಗಿಲಿಗೆ ಬಂದು ಚಪ್ಪಲಿಯಲ್ಲೇ ನಿಂತಳು.

"ಎಂತ ಹಸೀನಕ್ಕ, ನಿಮಗೆ ಮರ್ಲಾ? ಕೆಲಸ ಬೇಡ ಅಂತ ಹೇಳಿದಿರಂತೆ?"

"ಯಾರು ಹೇಳಿದ್ದು? ನಾನು ಕಾಯ್ತಾ ಇದ್ದೇನಲ್ಲ ಮಾರಾಯ್ತಿ."

"ಎಂತದ್ದು ಕಾಯೋದು? ಒಳ್ಳೆ ಕೈ ಇತ್ತು, ಆದರೆ ಅವರಿಗೇ ಇಷ್ಟ ಇಲ್ಲ ಅಂತ ಡಾಕ್ಟರ್ ಬೇಸರ ಮಾಡ್ಕೊಂಡು ಕೂತಿದ್ದಾರೆ. ಪೇಪರಿಗೆ ಜಾಹೀರಾತು ಇವತ್ತು ನಾನೇ ಟೈಪ್ ಮಾಡಿದ್ದು. ಶನಿವಾರ ಬರ್ತದೆ."

ನಾನು ಆಡಿದ ಮಾತನ್ನು ಇದ್ದ ಹಾಗೆ ಹೇಳಿದೆ. ಭವ್ಯಶ್ರೀ ಹಣೆಗೆ ಕೈ ಹಚ್ಚಿಕೊಂಡಳು. ಪುತ್ತೂರಿನವಳಾದ ಅವಳಿಗೆ ಆ ಮಾತಿನ ಅರ್ಥ ಕೂಡಲೇ ಆಯಿತು. ಡಾಕ್ಟರ್ ಕ್ರೌಸ್‌ಗೆ ಹೇಗೆ ಆಗಬೇಕು? ಅವರು ಕೇಳಿದರು, ಉತ್ತರ ಪಡೆದರು, ಆ ಉತ್ತರವನ್ನು ಗೌರವಿಸಿದರು. ಪ್ರಯೋಗ ಮಾಡುವವಳು ಇನ್ನೇನು ಮಾಡಿಯಾಳು? ತಪ್ಪು ಬಣ್ಣ ತೋರಿಸುವ ಸೂಚಕ ಹಾಕಿದ್ದು ನಾನು.

ಫವಾಝ್ ಬಂದು ವಿಷಯ ಕೇಳಿ ಬಹಳ ಹೊತ್ತು ನಕ್ಕರು. ನಿನ್ನನ್ನು ಕೇಳಲು ಬಂದಾಗಲೂ ನಿನ್ನ ಬಾಪ ಮೊದಲು, ಈಗಲೇ ಮದುವೆಯ ಯೋಚನೆ ಇಲ್ಲ ಎಂದಿದ್ದರು, ನಾವು ಜರ್ಮನಿಯವರಾಗಿದ್ದರೆ ನನಗೆ ಇವತ್ತಿಗೂ ಹೆಂಡತಿ ಇರುತ್ತಿರಲಿಲ್ಲ ಎಂದರು. ನನಗೆ ನಗು ಬರಲಿಲ್ಲ. ನಾಳೆ ಗುರುವಾರ, ಲ್ಯಾಬು ಮಧ್ಯಾಹ್ನದವರೆಗೆ ಮಾತ್ರ. ಬೆಳಿಗ್ಗೆಯೇ ಹೋಗಿ ಹೇಳಿಬಿಡುತ್ತೇನೆ ಎಂದೆ.

ಮಾಮಿ, ಬಾಯಿಬಿಟ್ಟು ಕೇಳಲು ಹೋಗುವುದೇ ಎಂದರು. ಸ್ವಲ್ಪ ಹೊತ್ತು ತಸ್ಬಿಯ ಮಣಿ ಎಣಿಸಿದರು. ಆಮೇಲೆ ಎದ್ದು ಅಕ್ಕಿ ನೆನೆಹಾಕಿದರು. ಬರಿಗೈಯಲ್ಲಿ ಹೋಗಬಾರದು, ನಾನೂ ಬರುತ್ತೇನೆ, ಸೊಸೆ ಹೀಗೆ ಹೇಳಿದ್ದರಲ್ಲಿ ನನ್ನ ಪಾಲೂ ಇದೆ ಎಂಬುದು ಅವರ ಲೆಕ್ಕ.

ಮರುದಿನ ಬೆಳಿಗ್ಗೆ ಫವಾಝ್ ಅಂಗಡಿಯ ಪಿಕಪ್ಪಿನಲ್ಲಿ ನಮ್ಮಿಬ್ಬರನ್ನೂ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟರು. ಹಿಂದೆ ಒಂದು ಹಳೆಯ ಕಂಪ್ರೆಸರ್ ಗಡಗಡ ಎನ್ನುತ್ತಿತ್ತು. ಮಾಮಿಯ ಮಡಿಲಲ್ಲಿ ಡಬ್ಬಿ, ಡಬ್ಬಿಯಲ್ಲಿ ಬಿಸಿ ಕಲ್ತಪ್ಪ. ಅಕ್ಕಿ, ಬೆಲ್ಲ ಅರೆದು, ತುಪ್ಪದಲ್ಲಿ ಹುರಿದ ಈರುಳ್ಳಿ ಹಾಕಿ ದಪ್ಪಗೆ ಬೇಯಿಸುವ ಅದರ ಪರಿಮಳ ಪಿಕಪ್ಪಿನ ಡೀಸೆಲ್ ವಾಸನೆಯನ್ನೂ ಹಿಂದೆ ಹಾಕಿತ್ತು. ದಾರಿಯುದ್ದಕ್ಕೂ ನಾನು ಇಂಗ್ಲಿಷಿನ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸುತ್ತಿದ್ದೆ. ನನಗೆ ಕೆಲಸ ಬೇಕು. ನಾಲ್ಕೇ ಪದಗಳ ಆ ವಾಕ್ಯವನ್ನು ಮತ್ತೆ ಮತ್ತೆ ಮೊದಲಿನಿಂದ ಶುರುಮಾಡುತ್ತಿದ್ದೆ.

ಭವ್ಯಶ್ರೀ ನಮ್ಮನ್ನು ಒಳಗೆ ಬಿಟ್ಟಳು. ಡಾಕ್ಟರ್ ಕ್ರೌಸ್ ಎದ್ದು ನಿಂತರು. ನಾನು ಬಾಯಿ ತೆರೆಯುವ ಮೊದಲೇ ಮಾಮಿ ಮೇಜಿನ ಮೇಲಿನ ಕಾಗದಗಳನ್ನು ಪಕ್ಕಕ್ಕೆ ಸರಿಸಿ ಡಬ್ಬಿ ತೆರೆದು, ಮುಚ್ಚಳದಲ್ಲೇ ಒಂದು ತುಂಡು ಇಟ್ಟು ಡಾಕ್ಟರರ ಮುಂದೆ ಹಿಡಿದರು. ಮಾಮಿಗೆ ಬ್ಯಾರಿ ಮತ್ತು ತುಳು ಬಿಟ್ಟು ಬೇರೆ ಮಾತು ಬಾರದು. ಡಾಕ್ಟರರಿಗೆ ಅವೆರಡೂ ಬಾರವು. ಈಗಷ್ಟೇ ತಿಂಡಿ ಆಯಿತು, ಬೇಡ, ಥ್ಯಾಂಕ್ಸ್ ಎಂದು ಡಾಕ್ಟರ್ ಹೇಳಿದ್ದನ್ನು ನಾನು ಮಾಮಿಗೆ ಬ್ಯಾರಿಯಲ್ಲಿ ಹೇಳಿದೆ. ಮಾಮಿ ಒಪ್ಪಿ ತಲೆಯಾಡಿಸಿ ಇನ್ನೊಂದು ತುಂಡು ಇಟ್ಟರು. ನಿಜಕ್ಕೂ ಬೇಡ ಎಂದರು ಡಾಕ್ಟರ್. ಮಾಮಿ ಮುಚ್ಚಳವನ್ನು ಅವರ ಕೈಗೇ ಕೊಟ್ಟು, ಕುರ್ಚಿಯಲ್ಲಿ ಕೂತು, ಕಾಯತೊಡಗಿದರು.

ಡಾಕ್ಟರ್ ಕ್ರೌಸ್ ನನ್ನನ್ನು ನೋಡಿದರು. "ಈಗ ನಾನೇನು ಮಾಡಬೇಕು?"

"ತಿನ್ನಬೇಕು ಮೇಡಂ. ನೀವು ಮೊದಲ ಸಲ ಬೇಡ ಅಂದದ್ದನ್ನು ಅವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ನಮ್ಮಲ್ಲಿ ಹಾಗೆ ಯಾರೂ ತೆಗೆದುಕೊಳ್ಳುವುದಿಲ್ಲ. ಮೊದಲ ಸಲ ಎಲ್ಲರೂ ಬೇಡ ಅನ್ನುತ್ತಾರೆ."

ಅವರು ಒಂದು ಚೂರು ಮುರಿದು ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಈರುಳ್ಳಿಯ ಬಳಿ ಬಂದಾಗ ಹುಬ್ಬು ಮೇಲೇರಿತು. ಮತ್ತೊಂದು ಚೂರು ಮುರಿದರು. ಆಮೇಲೆ ಥಟ್ಟನೆ ಅಗಿಯುವುದನ್ನು ನಿಲ್ಲಿಸಿ ಕಿಟಕಿಯ ಬಳಿಯ ಚಹಾ ಪಾತ್ರೆಯ ಕಡೆ ತಿರುಗಿದರು.

"ಅವತ್ತು ನಿಮಗೆ ಬಾಯಾರಿಕೆ ಆಗಿತ್ತೇ?"

"ತುಂಬ ಆಗಿತ್ತು ಮೇಡಂ."

"ಮತ್ತೆ ಕೆಲಸ?"

"ಅದೂ ಹಾಗೆಯೇ."

ಅವರು ನಗುತ್ತಾರೆಂದು ನಾನೆಣಿಸಿದ್ದೆ. ನಗಲಿಲ್ಲ. ಕುಳಿತುಕೊಂಡು, ಮುಚ್ಚಳವನ್ನು ಮಡಿಲಲ್ಲಿಟ್ಟುಕೊಂಡು ತಮ್ಮದೇ ಕತೆ ಹೇಳಿದರು. ಅವರು ಪೂರ್ವ ಜರ್ಮನಿಯ ಲೈಪ್‌ಜಿಗ್‌ನವರು. ಎರಡು ಜರ್ಮನಿ ಒಂದಾದ ಮೇಲೆ ಅವರಿದ್ದ ಸಂಶೋಧನಾ ಸಂಸ್ಥೆ ಮುಚ್ಚಿತು. ಕೆಲಸ ಹುಡುಕಿಕೊಂಡು ಪಶ್ಚಿಮದ ಹ್ಯಾಂಬರ್ಗ್‌ಗೆ ಹೋದರು. ಅಲ್ಲಿ ನೀವೇನು ಮಾಡಿದ್ದೀರಿ ಎಂದು ಕೇಳಿದಾಗಲೆಲ್ಲ ಇವರು, ನಾವು ಈ ವಿಧಾನ ರೂಪಿಸಿದೆವು, ನಾವು ಆ ನದಿಯ ನೀರು ಪರೀಕ್ಷಿಸಿದೆವು ಎನ್ನುತ್ತಿದ್ದರು. ನಾನು ಎಂದು ಎದೆ ಮುಂದೆ ಮಾಡುವುದು ಅವರ ಕಡೆ ಅಹಂಕಾರ. ಹ್ಯಾಂಬರ್ಗಿನವರು ಈಕೆ ಸ್ವತಃ ಏನೂ ಮಾಡಿಲ್ಲ ಎಂದು ತಿಳಿದು ವಾಪಸು ಕಳಿಸಿದರು. ಒಂದು ಕಡೆಯಲ್ಲ, ಹಲವು ಕಡೆ.

"ಭಾಷೆ ನನ್ನದೇ, ದೇಶವೂ ನನ್ನದೇ ಅಂದರು. ಆದರೆ ಆ ಊರಲ್ಲಿ ಕೆಲಸ ಹುಡುಕುವಾಗ ನಾನು ಪರದೇಶಿ. ಆ ಇಂಟರ್‌ವ್ಯೂ ಮಾಡಿದವರನ್ನು ಎಷ್ಟು ಬೈದುಕೊಂಡಿದ್ದೆ ಗೊತ್ತೇ? ಈಗ ನೋಡಿದರೆ ನಾನೇ ಅವರ ಕುರ್ಚಿಯಲ್ಲಿ ಕೂತಿದ್ದೇನೆ," ಎಂದರು.

ಕೊನೆಗೆ ಹ್ಯಾಂಬರ್ಗಿನಲ್ಲೇ ಒಂದು ಲ್ಯಾಬು ಕೆಲಸ ಕೊಟ್ಟಿತಂತೆ. ಅಲ್ಲಿಯ ಮುದುಕನೊಬ್ಬ, ನಾವು ಎಂದರೆ ಯಾರು, ಹೆಸರು ಹೇಳಿ ಎಂದು ಪಟ್ಟುಹಿಡಿದು ಕೇಳಿದನಂತೆ. ಹೆಸರುಗಳನ್ನು ಹೇಳುತ್ತ ಹೋದಾಗ ಪ್ರತಿಯೊಂದರಲ್ಲೂ ಇವರದೇ ಬಂತಂತೆ.

ಇದನ್ನೆಲ್ಲ ನಾನು ಮಾಮಿಗೆ ಬ್ಯಾರಿಯಲ್ಲಿ ಹೇಳಿದೆ. ಮಾಮಿ ಡಾಕ್ಟರರನ್ನು ಹೊಸದಾಗಿ ಎಂಬಂತೆ ನೋಡಿ, "ಇವರ ಮನೆಯಲ್ಲಿ ದೊಡ್ಡವರು ಇದ್ದರು," ಎಂದರು.

ಡಾಕ್ಟರ್ ಕ್ರೌಸ್ ಕರವಸ್ತ್ರದಲ್ಲಿ ಬೆರಳು ಒರೆಸಿಕೊಂಡು ಎದ್ದು ನಿಂತರು. ಅವತ್ತು ನಿಂತಿದ್ದ ಜಾಗದಲ್ಲೇ, ಅದೇ ದನಿಯಲ್ಲಿ ಕೇಳಿದರು, "ನಿಮಗೆ ಈ ಕೆಲಸ ಬೇಕೇ?"

ಮಾಮಿಗೆ ಇಂಗ್ಲಿಷ್ ಬಾರದಿದ್ದರೂ ಪ್ರಶ್ನೆ ಯಾವುದೆಂದು ತಿಳಿಯಿತು. ಅವರು ನನ್ನ ಕಡೆ ತಿರುಗಿದರು. ಚಿಕ್ಕಂದಿನಿಂದ ಕಂಡ ಆ ಹಿರಿಯರ ನೋಟ ನನ್ನ ಕೆನ್ನೆಗೆ ತಾಗುತ್ತಿತ್ತು. ಗಂಟಲಲ್ಲಿ ಹಳೆಯ ಮಾತು ಎದ್ದು ಬಂದು ನಿಂತಿತ್ತು. ಬ್ಯೂರೆಟ್ಟಿನ ಕೀಲಿ ಹಿಡಿದಂತೆ ಅದನ್ನು ಹಿಡಿದು ನಿಲ್ಲಿಸಿದೆ.

"ಬೇಕು ಮೇಡಂ," ಎಂದೆ. ಹೇಳಿದ ಮೇಲೆ ಇನ್ನೂ ಸ್ವಲ್ಪ ಧೈರ್ಯ ಬಂತು. "ಗಡಸುತನ, ಕ್ಲೋರೈಡ್ ಎರಡೂ ನನಗೆ ಚೆನ್ನಾಗಿ ಬರುತ್ತವೆ. ಸ್ವಲ್ಪ ಅಲ್ಲ."

ಮಾಮಿ ನನ್ನನ್ನು ಗದರಲಿಲ್ಲ. ಡಬ್ಬಿಯನ್ನು ಇನ್ನಷ್ಟು ಮುಂದೆ ತಳ್ಳಿದರು, ಅಷ್ಟೇ.

ಡಾಕ್ಟರ್ ಕ್ರೌಸ್ ಭವ್ಯಶ್ರೀಯನ್ನು ಕರೆದು ಪೇಪರಿನವರಿಗೆ ಫೋನು ಮಾಡಿ ಜಾಹೀರಾತು ನಿಲ್ಲಿಸಲು ಹೇಳಿದರು. ಹೊರಗಿನ ಕೋಣೆಯಲ್ಲಿ ಅವಳು ಫೋನಿನಲ್ಲಿ ಕ್ಯಾನ್ಸಲ್, ಖಲಾಸ್, ಹೌದು ಖಲಾಸ್ ಎಂದು ಬೇಕಾದದ್ದಕ್ಕಿಂತ ಜೋರಾಗಿ ಹೇಳುತ್ತಿದ್ದಳು. ಪಿಕಪ್ಪಿನಲ್ಲಿ ಕಾಯುತ್ತಿದ್ದ ಫವಾಝ್‌ಗೂ ಅದು ಕೇಳಿಸಿತಂತೆ.

ಆಮೇಲೆ ಡಾಕ್ಟರ್ ಕಿಟಕಿಯ ಬಳಿಯಿಂದ ಚಹಾ ಪಾತ್ರೆ ತಂದು, ನಮ್ಮಿಬ್ಬರ ಮುಂದೆ ಒಂದೊಂದು ಖಾಲಿ ಕಪ್ಪು ಇಟ್ಟರು. ನನ್ನನ್ನು ಕೇಳಿದರು, ಬೇಕು ಎಂದೆ. ಕಪ್ಪು ಕೈಗೆ ಬಂದ ಕೂಡಲೇ ಅರ್ಧ ಕುಡಿದುಬಿಟ್ಟೆ. ಅದು ಹಾಲಿಲ್ಲದ, ಸಕ್ಕರೆಯಿಲ್ಲದ ಕಹಿ ಚಹಾ. ಮುಂದಿನ ವರ್ಷಗಳಲ್ಲಿ ಆ ಕೋಣೆಯಲ್ಲಿ ಎಷ್ಟೋ ಸಲ ಕುಡಿದೆ, ರುಚಿ ಎಂದೂ ಸುಧಾರಿಸಲಿಲ್ಲ.

ಅವರು ಮಾಮಿಯ ಕಡೆ ತಿರುಗಿ ಪಾತ್ರೆ ಎತ್ತಿ ತೋರಿಸಿ, ಬೇಕೇ ಎಂದು ಸನ್ನೆ ಮಾಡಿದರು. ಮಾಮಿ ಬೇಡವೆಂದು ಕೈ ಆಡಿಸಿದರು. ಡಾಕ್ಟರ್ ಕ್ರೌಸ್ ಪಾತ್ರೆಯನ್ನು ಕೆಳಗಿಡಲಿಲ್ಲ. ಪ್ರಯೋಗದ ನಡುವೆ ನಿಂತವರ ಹಾಗೆ ಮಾಮಿಯ ಮುಖವನ್ನೇ ಗಮನಿಸುತ್ತ ಇನ್ನೊಮ್ಮೆ ಎತ್ತಿ ತೋರಿಸಿದರು. ಮಾಮಿ ಈ ಸಲ ಕೈ ಆಡಿಸಲಿಲ್ಲ. ಗೋಡೆಯ ಕ್ಯಾಲೆಂಡರ್ ನೋಡುತ್ತ ಸುಮ್ಮನೆ ಕೂತರು. ಡಾಕ್ಟರ್ ನನಗೆ ಹುಬ್ಬು ಹಾರಿಸಿ, ಮತ್ತೊಮ್ಮೆ ಪಾತ್ರೆ ಎತ್ತಿದರು.

ಮಾಮಿ ತಮ್ಮ ಮುಂದಿದ್ದ ಖಾಲಿ ಕಪ್ಪನ್ನು ಒಂದು ಬೆರಳಿನಿಂದ ಸ್ವಲ್ಪವೇ ಮುಂದೆ ಸರಿಸಿದರು.